ಹುಳಿಗೆ ಅಂಜುವ ಕಲ್ಲು

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ದಾರಿಯಲ್ಲಿ, ಬೊಮ್ಮನಹಳ್ಳಿಯನ್ನು ದಾಟಿದ ಮೇಲೆ, ಎಲೆಕ್ಟ್ರಾನಿಕ್ ಸಿಟಿಯನ್ನು ಮುಟ್ಟುವುದಕ್ಕೆ ಮೊದಲು ಸಿಂಗಸಂದ್ರವೆಂಬ ಊರುಂಟು. ಹಿಂದೆ ಕೆರೆಯ ನೆರೆಯ ಗ್ರಾಮವಾಗಿದ್ದ ಈ ಊರು ಈಗ ಬಹುಮಹಡಿಯ ಮನೆಗಳಿಂದ ತುಂಬಿದೆ. ೨೦೨೫ರ ಆಗಸ್ಟಿನಲ್ಲಿ ಮೆಟ್ರೋ ರೈಲು ಬಂದು, ಊರಿನ ಹೆಸರಿನಲ್ಲಿಯೇ ಒಂದು ನಿಲ್ದಾಣವೂ ಆಯಿತು. ಇಂಥ ಹೊಸ ಮನೆಗಳಲ್ಲಿ ಕೆಲವಕ್ಕೆ ಟ್ರಾವರ್ಟೈನ್ ಎಂಬ ಪರದೇಶದ ಕಲ್ಲನ್ನು ನೆಲಕ್ಕೂ ಸ್ನಾನದ ಮನೆಯ ಗೋಡೆಗೂ ಹಾಸುವುದುಂಟು. ಹಾಲು ಹೆಚ್ಚಾದ ಕಾಫಿಯ ಬಣ್ಣ. ಮರದ ಎಳೆಯನ್ನು ಹೋಲುವ ಪದರಗಳು. ನೋಡಿದವರು ಬಗ್ಗಿ ಒಮ್ಮೆ ಕೈಯಿಂದ ಸವರಿಯೇ ಸವರುತ್ತಾರೆ. ಇದನ್ನು ಹಾಸಿಸಿದವರಿಗೆ ಬೆಲೆ ಗೊತ್ತು. ಗುಣ ಮಾತ್ರ ಬಹುಮಂದಿಗೆ ಗೊತ್ತಿಲ್ಲ.

ನಮ್ಮ ಪರಿಚಿತರೊಬ್ಬರ ಮನೆಯಲ್ಲಿ ಹೀಗಾಯಿತು. ಮನೆಯ ಹಿರಿಯಾಕೆ ಕೋಲಾರದ ಕಡೆಯವರು. ಪ್ರತಿ ಗುರುವಾರ ಸಂಜೆ ದೇವರ ಮನೆಯ ಮುಂದೆ ಕುಳಿತು, ಹಿತ್ತಾಳೆಯ ದೀಪಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುವುದು ಅವರ ಪದ್ಧತಿ. ಕೆಲವು ತಿಂಗಳಲ್ಲಿ ಅಲ್ಲಿಯ ನೆಲದ ಮೇಲೆ ದೀಪದ ಬುಡದ ಅಳತೆಯ ಮಂಕಾದ ಉಂಗುರಗಳು ತೋರಿದವು. ಸೊಸೆ ಇವುಗಳನ್ನು ಕೊಳೆಯೆಂದು ತಿಳಿದು, ಚೆನ್ನಾಗಿ ಉಜ್ಜೆಂದು ಕೆಲಸದಾಕೆಗೆ ಹೇಳಿದರು. ಆಕೆ ಪಾಯಿಖಾನೆಗೆ ಹಾಕುವ ಆಸಿಡ್ಡನ್ನು ತಂದು ಸುರಿದಳು. ಬುಸುಗುಟ್ಟಿ ನೊರೆ ಬಂತು. ನೊರೆ ಬಂದರೆ ಕೊಳೆ ಬಿಡುತ್ತಿದೆಯೆಂದು ಜನರು ತಿಳಿಯುವುದು ವಾಡಿಕೆ. ಅಲ್ಲಿ ಬಿಡುತ್ತಿದ್ದುದು ಕಲ್ಲೇ. ಮರುದಿನ ನೋಡಿದರೆ ಎರಡು ಚಪ್ಪಡಿಗಳ ಮೈ ಉಪ್ಪುಕಾಗದದಂತೆ ತರಿತರಿಯಾಗಿತ್ತು.

ಅತ್ತೆ ಸೊಸೆಯರ ನಡುವೆ ಎಂಟು ದಿನ ಮಾತು ನಿಂತಿತು. ಕೆಲಸದಾಕೆಯನ್ನು ಬಿಡಿಸಬೇಕೆಂಬವರೆಗೆ ಸಂಗತಿ ಬೆಳೆಯಿತು. "ನಮ್ಮೂರಿನ ಕಲ್ಲಿನ ಮೇಲೆ ಐವತ್ತು ವರ್ಷ ಹುಣಸೆಹಣ್ಣು ತಿಕ್ಕಿದ್ದೇನಮ್ಮ, ಯಾವ ಕಲ್ಲೂ ಕರಗಲಿಲ್ಲ. ಇದೆಂಥ ಕಲ್ಲು ತಂದು ಹಾಕಿಸಿದಿರಿ?" ಎಂದು ಆ ವೃದ್ಧೆ ಕೇಳಿದರು. ಸಿಟ್ಟಿನಲ್ಲಿ ಕೇಳಿದ ಮಾತಾದರೂ, ಇಡೀ ಪ್ರಕರಣದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ.

ಅವರ ಊರಿನ ಕಲ್ಲು, ನಮ್ಮ ಬೆಂಗಳೂರಿನ ಕಲ್ಲು, ಲಾಲ್‌ಬಾಗಿನ ಬಂಡೆ, ಇವೆಲ್ಲ ಒಂದೇ ಬಗೆಯ ಪುರಾತನ ಶಿಲಾಕುಲಕ್ಕೆ ಸೇರಿದವು. ಲಾಲ್‌ಬಾಗಿನ ಬಂಡೆಯ ವಯಸ್ಸು ಸುಮಾರು ೩೦೦ ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದು ಭೂಮಿಯ ಒಡಲಿನ ಕಾವಿನಲ್ಲಿ ಬೆಂದು ಗಟ್ಟಿಯಾದ ಕಲ್ಲು. ಹುಣಸೆ, ನಿಂಬೆ, ಮಜ್ಜಿಗೆ ಯಾವುದೂ ಅದನ್ನು ಅಲುಗಿಸಲಾರದು. ನಮ್ಮ ತಾಯಂದಿರ ಪಾತ್ರೆ ತಿಕ್ಕುವ, ನೆಲ ತೊಳೆಯುವ ಅಭ್ಯಾಸಗಳೆಲ್ಲ ಇಂಥ ಕಲ್ಲಿನ ಮೇಲೆ ಬೆಳೆದು ಬಂದವು.

ಟ್ರಾವರ್ಟೈನಿನ ಹುಟ್ಟು ಬೇರೆ. ನೆಲದೊಳಗಿನ ನೀರು ಸುಣ್ಣದ ಕಲ್ಲನ್ನು ಕರಗಿಸಿಕೊಂಡು ಊಟೆಯಾಗಿ ಮೇಲಕ್ಕೆ ಬರುತ್ತದೆ. ಗಾಳಿಗೆ ತೆರೆದೊಡನೆ ಅದರಲ್ಲಿದ್ದ ಇಂಗಾಲಾಮ್ಲ ವಾಯು ಹೊರಟುಹೋಗಿ, ಕರಗಿದ್ದ ಸುಣ್ಣ ಪದರಪದರವಾಗಿ ಕೂರುತ್ತದೆ. ನಡುವೆ ಸಿಕ್ಕ ಪಾಚಿ, ಎಲೆ, ಗಾಳಿಗುಳ್ಳೆಗಳ ಜಾಗದಲ್ಲಿ ತೂತುಗಳು ಉಳಿಯುತ್ತವೆ. ಇಟಲಿಯ ರೋಮಿಗೆ ಹತ್ತಿರದ ತಿವೋಲಿ ಇದರ ಪ್ರಸಿದ್ಧ ನೆಲೆ, ಕ್ರಿ.ಶ. ೮೦ರಲ್ಲಿ ತೆರೆದ ರೋಮಿನ ಮಹಾ ರಂಗಮಂಟಪ ಕೊಲೋಸಿಯಮ್ಮಿನ ಹೊರಗೋಡೆ ಇದೇ ಕಲ್ಲಿನದು. ಅಷ್ಟು ಬಾಳಿದ ಕಲ್ಲನ್ನು ಮೆದುವೆಂದು ಹೇಗೆ ಹೇಳುವುದೆಂದು ಕೇಳಬಹುದು. ಭಾರವನ್ನು ಹೊರುವುದು ಬೇರೆ, ಹುಳಿಯನ್ನು ತಡೆಯುವುದು ಬೇರೆ.

ಇಷ್ಟು ದೂರದ ಸಂಗತಿ ಸಿಂಗಸಂದ್ರದ ಗೃಹಿಣಿಗೆ ಅತಿ ಹತ್ತಿರದ್ದು. ಹೇಗೆಂದರೆ, ಇಲ್ಲಿಯ ಎಷ್ಟೋ ಮನೆಗಳು ಕೊಳವೆ ಬಾವಿಯ ನೀರನ್ನೂ ಟ್ಯಾಂಕರಿನ ನೀರನ್ನೂ ನಂಬಿಕೊಂಡಿವೆ. ೨೦೨೪ರ ಬೇಸಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಇದು ಎಲ್ಲರಿಗೂ ಮನವರಿಕೆಯಾಯಿತು. ಈ ನೀರು ಗಡಸು. ನಲ್ಲಿಯ ಮೂತಿಯಲ್ಲಿಯೂ ಬಿಸಿನೀರಿನ ಗೀಸರಿನಲ್ಲಿಯೂ ಕಟ್ಟುವ ಬಿಳಿಯ ಗಟ್ಟಿಯನ್ನು ಯಾರು ಕಂಡಿಲ್ಲ? ತಿವೋಲಿಯ ಊಟೆಯಲ್ಲಿ ನಡೆದುದೇ ನಮ್ಮ ಗೀಸರಿನಲ್ಲಿಯೂ ನಡೆಯುತ್ತಿದೆ. ಆ ಬಿಳಿಯ ಕರೆಯೂ ಈ ಬೆಲೆಬಾಳುವ ನೆಲವೂ ಬಹುಮಟ್ಟಿಗೆ ಒಂದೇ ವಸ್ತು. ಆದುದರಿಂದ ಕರೆಯನ್ನು ಕರಗಿಸುವ ಯಾವ ದ್ರವವಾದರೂ ನೆಲವನ್ನೂ ಕರಗಿಸಿಯೇ ತೀರುತ್ತದೆ. 'ಕರೆಗೆ ಮಾತ್ರ, ಕಲ್ಲಿಗೆ ಅಪಾಯವಿಲ್ಲ' ಎಂದು ಮಾರುವ ಹುಳಿಮದ್ದು ಇದ್ದರೆ ಅದನ್ನು ನಂಬಕೂಡದು.

ಹುಳಿ ಎಂದರೆ ಬರಿಯ ಆಸಿಡ್ಡಲ್ಲ. ನಿಂಬೆ, ಟೊಮೆಟೊ ಸಾರು, ಮೊಸರು, ವಿನಿಗರ್ ಎಲ್ಲವೂ ಹುಳಿಯೇ. ಅಂಟುವಾಳ, ಸೀಗೆಕಾಯಿಗಳ ನೀರಿನಲ್ಲಿಯೂ ಅಲ್ಪ ಹುಳಿಯುಂಟು. ಈಚೆಗೆ ನಿಂಬೆ, ಕಿತ್ತಳೆಗಳ ಸಿಪ್ಪೆಯನ್ನು ಬೆಲ್ಲದೊಡನೆ ಕೊಳೆಯಿಸಿ, ಬಯೋ ಎಂಜೈಮ್ ಎಂಬ ಹೆಸರಿನಿಂದ ನೆಲ ಒರೆಸುವ ನೀರನ್ನು ಮನೆಯಲ್ಲಿಯೇ ಮಾಡಿಕೊಳ್ಳುವ ಒಳ್ಳೆಯ ಪದ್ಧತಿ ಬೆಂಗಳೂರಿನಲ್ಲಿ ಹಬ್ಬಿದೆ. ಅದು ಗ್ರಾನೈಟಿಗೆ ಸರಿ. ಟ್ರಾವರ್ಟೈನಿಗೂ ಅಮೃತಶಿಲೆಗೂ ಸಲ್ಲದು. ಅಡಿಗೆಮನೆಯ ಕಡಪ ಕಲ್ಲಿನ ಮೇಲೆ ನಿಂಬೆಹಣ್ಣು ಹಿಂಡಿದ ಜಾಗ ಬಿಳಿಚಿಕೊಳ್ಳುವುದನ್ನು ಹಳೆಯ ಗೃಹಿಣಿಯರು ಕಂಡಿರುತ್ತಾರೆ. ಅದೂ ಸುಣ್ಣದ ಕಲ್ಲಿನ ಜಾತಿಯೇ. ಟ್ರಾವರ್ಟೈನು ಅದರ ಹೊರನಾಡಿನ ದಾಯಾದಿ ಎಂದು ತಿಳಿದರೆ ನಡೆಸಿಕೊಳ್ಳುವ ಬಗೆ ತಾನಾಗಿ ತಿಳಿಯುತ್ತದೆ.

ದಿನದಿನದ ಕೆಲಸ ಸುಲಭ. ಮೊದಲು ಒಣ ಬಟ್ಟೆಯಿಂದಲೋ ಮೆದು ಪೊರಕೆಯಿಂದಲೋ ಧೂಳು ತೆಗೆಯಬೇಕು. ಹೊಸೂರು ರಸ್ತೆಯಿಂದ ಕಾಲಿಗಂಟಿ ಬರುವ ಮರಳು ಕಲ್ಲಿಗಿಂತ ಬಹು ಗಟ್ಟಿ: ಖನಿಜಗಳ ಗಟ್ಟಿತನವನ್ನು ಅಳೆಯುವ ಹತ್ತರ ಮೋಸ್ ಮಾನದಲ್ಲಿ ಈ ಕಲ್ಲು ೩, ಮರಳು ೭. ಧೂಳಿರುವಾಗಲೇ ಒದ್ದೆ ಬಟ್ಟೆ ಎಳೆದರೆ ನೆಲವನ್ನು ಮರಳಿನಿಂದ ತೇಯ್ದಂತಾಯಿತು. ಬಾಗಿಲ ಹೊರಗೊಂದು, ಒಳಗೊಂದು ಕಾಲೊರಸು ಇದ್ದರೆ ಅರ್ಧ ಕೆಲಸ ತಪ್ಪಿತು. ತರುವಾಯ ಉಗುರುಬೆಚ್ಚಗಿನ ನೀರಿಗೆ ಹುಳಿಯೂ ಕ್ಷಾರವೂ ಅಲ್ಲದ ಸೌಮ್ಯವಾದ ಸಾಬೂನು ದ್ರವವನ್ನು ಕೆಲವೇ ಹನಿ ಹಾಕಿ ಒರೆಸಿ, ಬರಿಯ ನೀರಿನಿಂದ ಮತ್ತೊಮ್ಮೆ ಒರೆಸಿ, ಕೊನೆಗೆ ಒಣಬಟ್ಟೆಯಿಂದ ಒತ್ತಬೇಕು. ಈ ಕಡೆಯ ಕೆಲಸವನ್ನು ಬಿಡುವವರೇ ಹೆಚ್ಚು. ಗಡಸು ನೀರು ನೆಲದ ಮೇಲೆಯೇ ಆರಿದರೆ ಸುಣ್ಣವನ್ನು ಅಲ್ಲಿಯೇ ಬಿಟ್ಟು ಹೋಗುತ್ತದೆ. ಸ್ನಾನದ ಮನೆಯ ಗೋಡೆಯನ್ನೂ ಸ್ನಾನವಾದೊಡನೆ ರಬ್ಬರು ಪಟ್ಟಿಯಿಂದ ಎಳೆದುಬಿಡುವುದು ಮೇಲು.

ಕಲೆಗೂ ಸವೆತಕ್ಕೂ ಭೇದವನ್ನು ತಿಳಿಯದೆ ಮದ್ದು ಹಾಕಕೂಡದು. ಬಣ್ಣ ಕಲ್ಲಿನೊಳಗೆ ಇಳಿದಿದ್ದರೆ ಅದು ಕಲೆ. ಬಣ್ಣವಿಲ್ಲದೆ ಮೆರುಗು ಮಾತ್ರ ಹೋಗಿ, ಓರೆಯಾಗಿ ನೋಡಿದಾಗ ಮಂಕಾಗಿ ಕಂಡರೆ ಅದು ಸವೆತ. ಎಣ್ಣೆಯ ಕಲೆಗೆ ಅಡಿಗೆ ಸೋಡವನ್ನು ನೀರಿನಲ್ಲಿ ದೋಸೆಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ದಪ್ಪವಾಗಿ ಮೆತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಒಂದು ದಿನ ಬಿಟ್ಟು, ಹಾಳೆ ತೆಗೆದು ಒಣಗಿದ ಮೇಲೆ ಮರದ ಚಕ್ಕೆಯಿಂದ ಎಬ್ಬಿಸಬೇಕು. ಒಂದೇ ಸಲಕ್ಕೆ ಹೋಗದು, ಎರಡು ಮೂರು ಸಲ ಮಾಡಬೇಕಾಗಬಹುದು. ಅರಿಸಿನದ ಕಲೆಗೆ ಮಾತ್ರ ಸೋಡವಾಗಲಿ ಕ್ಷಾರದ ಸಾಬೂನಾಗಲಿ ಬೇಡ. ಅರಿಸಿನಕ್ಕೆ ಸುಣ್ಣ ಸೇರಿದರೆ ಆರತಿಯ ನೀರು ಕೆಂಪಾಗುವಂತೆ, ಆ ಕಲೆಯೂ ಕೆಂಪಾಗಿ ಕೂರುತ್ತದೆ. ಔಷಧದ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಬಿಳಿಯ ಜೇಡಿಮಣ್ಣನ್ನು ಕಲಸಿ ಮೆತ್ತುವುದು ಅದಕ್ಕೆ ತಕ್ಕದ್ದು. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿಕೊಳ್ಳಬೇಕು. ಬಿಸಿಲು ಬೀಳುವ ಜಾಗವಾದರೆ ಅರಿಸಿನ ಬಿಸಿಲಿಗೇ ಬಹುಮಟ್ಟಿಗೆ ಮಾಸುತ್ತದೆ.

ಸವೆತಕ್ಕೆ ಮೆತ್ತುವ ಮದ್ದಿಲ್ಲ. ಸಣ್ಣದಾದರೆ ಅಮೃತಶಿಲೆಗೆ ಮೆರುಗು ಕೊಡುವ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ತೆಗೆದುಕೊಂಡು ತಿಕ್ಕಿ ನೋಡಬಹುದು. ದೊಡ್ಡದಾದರೆ ಕುಶಲಿಯಾದ ಕೆಲಸಗಾರನಿಂದ, ನೀರು ಹಾಯಿಸುತ್ತ, ವಜ್ರದ ಪುಡಿಯ ಬಿಲ್ಲೆಗಳಿಂದ ಒರಟಿನಿಂದ ನಯಕ್ಕೆ ಕ್ರಮವಾಗಿ ತೇಯಿಸಬೇಕು. ಕೆಲವರು ಕೊನೆಯಲ್ಲಿ ಆಕ್ಸಾಲಿಕ್ ಆಮ್ಲ ಹಾಕಿ ಮೆರುಗೇರಿಸುವುದುಂಟು. ಅದು ಅಳತೆ ಬಲ್ಲವನ ಕೈಯ ಕೆಲಸ, ಮನೆಯವರು ಅನುಕರಿಸತಕ್ಕದ್ದಲ್ಲ. ತೇಯುವಾಗಲೆಲ್ಲ ಕಲ್ಲಿನ ಒಂದು ತೆಳು ಪದರ ಹೋಗುತ್ತದೆ. ಒಳಗಿನ ಹೊಸ ತೂತುಗಳು ಬಾಯ್ದೆರೆಯುತ್ತವೆ. ಅವುಗಳನ್ನು ಕಲ್ಲಿನ ಬಣ್ಣಕ್ಕೆ ಹೊಂದುವ ಗಾರೆಯಿಂದಲೋ ಅಂಟಿನಿಂದಲೋ ತುಂಬಿ, ಮಟ್ಟ ಮಾಡಿಸಬೇಕು. ಕುರ್ಚಿಯ ಕಾಲಿನ ಒತ್ತಡದಿಂದ ತೆರೆದ ತೂತಿಗೂ ಇದೇ ಉಪಾಯ.

ಕೊನೆಗೆ ಕಲ್ಲು ಹೀರುವ ರಕ್ಷಕ ದ್ರವವನ್ನು ಹಚ್ಚುತ್ತಾರೆ. ಅದು ಬೇಕೋ ಬೇಡವೋ ಎಂಬುದನ್ನು ನೀವೇ ಪರೀಕ್ಷಿಸಬಹುದು: ನೆಲದ ಮೇಲೆ ರೂಪಾಯಿಯಗಲ ನೀರು ಬಿಟ್ಟು ಕಾಲು ಗಂಟೆ ಕಾದು ಒರೆಸಿ, ಆ ಜಾಗ ಕಪ್ಪಾಗಿದ್ದರೆ ಹಚ್ಚುವ ಕಾಲ ಬಂದಿದೆ. ಈ ದ್ರವ ಕಲೆ ಇಳಿಯುವುದನ್ನು ತಡವಾಗಿಸುತ್ತದೆಯೇ ಹೊರತು ಹುಳಿಯ ಸವೆತವನ್ನು ತಡೆಯುವುದಿಲ್ಲ. ಮಾರುವವರು ಇದನ್ನು ಬಿಡಿಸಿ ಹೇಳುವುದು ಅಪರೂಪ.

ಇನ್ನೊಂದು ಮಾತು ಕಲ್ಲಿಗಿಂತ ಮುಖ್ಯವಾದುದು. ಪಾಯಿಖಾನೆಯ ಆಸಿಡ್ಡನ್ನು ಬ್ಲೀಚಿಂಗ್ ಪುಡಿಯೊಡನೆ ಎಂದಿಗೂ ಬೆರಸಕೂಡದು. ಅದರಿಂದ ಏಳುವ ಕ್ಲೋರಿನ್ ವಾಯು ಉಸಿರನ್ನೇ ಕಟ್ಟಿಸುವ ವಿಷ. ಮುಚ್ಚಿದ ಸ್ನಾನದ ಮನೆಯಲ್ಲಿ ಮೂಗನ್ನು ಸೆರಗಿನಿಂದ ಮುಚ್ಚಿಕೊಂಡು ಉಜ್ಜುವ ಕೆಲಸದಾಕೆಗೆ ಇದನ್ನು ಮನೆಯವರೇ ತಿಳಿಸಿ ಹೇಳಬೇಕು. ಶೀಸೆಯ ಮೇಲಿನ ಸಣ್ಣ ಅಕ್ಷರ ಆಕೆಗಾಗಿ ಬರೆದುದಲ್ಲ.

ನಮ್ಮ ಪರಿಚಿತರ ಮನೆಯಲ್ಲಿ ಕೆಲಸದಾಕೆಯನ್ನು ಬಿಡಿಸಲಿಲ್ಲ. ಹುಳಿಯ ಸಂಗತಿಯನ್ನು ಕೇಳಿದ ಸೊಸೆ, ಮೊದಲು ತಪ್ಪು ಹೇಳಿದವಳು ತಾನೇ ಎಂದು ಒಪ್ಪಿಕೊಂಡರು. ಆನೇಕಲ್ಲಿನ ಹಾದಿಯ ಜಿಗಣಿಯಲ್ಲಿ ಗ್ರಾನೈಟು ಕೊಯ್ಯುವ ಕಾರ್ಖಾನೆಗಳು ಬಹಳ. ಅಲ್ಲಿಂದ ಮಗ ಒಂದು ತುಂಡು ಚಪ್ಪಡಿಯನ್ನು ತಂದು ಹಿಂದಿನ ಬಾಲ್ಕನಿಯಲ್ಲಿ ಹಾಕಿಸಿದರು. ಗುರುವಾರದ ಹಿತ್ತಾಳೆಯ ಕೆಲಸ ಈಗ ಅದರ ಮೇಲೆ, ಹುಣಸೆಹಣ್ಣಿನಿಂದಲೇ ನಡೆಯುತ್ತಿದೆ. ದೇವರ ಮನೆಯ ಮುಂದಿನ ನೆಲವನ್ನು ತೇಯಿಸಿದರು. ಆಸಿಡ್ಡಿನ ತರಿ ಹೋಯಿತು. ದೀಪದ ಉಂಗುರಗಳಲ್ಲಿ ಎರಡು ಮಾತ್ರ ಸಂಜೆಯ ಓರೆ ಬೆಳಕಿನಲ್ಲಿ ಇನ್ನೂ ಕಾಣುತ್ತವೆ. ಇನ್ನೊಂದು ಪದರ ತೆಗೆಯಲೇ ಎಂದು ಕೆಲಸಗಾರ ಕೇಳಿದಾಗ, ಬೇಡವೆಂದವರು ಸೊಸೆ.