ಕೈ ಬಿಟ್ಟರೆ ಮುಚ್ಚಬೇಕು: ಸ್ಪ್ರೇ ಡಬ್ಬಿಯ ವಾಲ್ವ್ ಕಲಿಸಿದ ಪಾಠ

ಒಂದು ಸಣ್ಣ ವೈಸರ್ ನನ್ನ ಜೀವ ತೆಗೆಯುತ್ತಿತ್ತು ಎಂದರೆ ನೀವು ನಗಬಹುದು. ನಾನೂ ಒಂದು ಕಾಲಕ್ಕೆ ನಗುತ್ತಿದ್ದೆ.

2011ರ ಮಳೆಗಾಲ. ಕುಂದಗೋಳ ತಾಲೂಕಿನ ನಮ್ಮ ಎರಿ ಹೊಲದಲ್ಲಿ ಮೆಣಸಿನ ಗಿಡಕ್ಕೆ ಮುರುಟು ಬಂದಿತ್ತು. ಬೆನ್ನ ಮೇಲಿನ 16 ಲೀಟರ್ ಪಂಪಿನ ಟ್ರಿಗರ್ ಹನಿಸುತ್ತಿತ್ತು. ಪೇಟೆಗೆ ಯಾರು ಹೋಗಬೇಕು ಅಂತ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ವೈಸರ್ ಮಾಡಿ ಕೂರಿಸಿದೆ. ನೀರು ಹಾಕಿ ನೋಡಿದರೆ ಒಂದು ಹನಿಯೂ ಇಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ.

ಔಷಧ ಹಾಕಿ ಎರಡು ಟಾಕಿ ಮುಗಿಯುವ ಹೊತ್ತಿಗೆ ಟ್ರಿಗರ್ ಒತ್ತಿದ್ದು ಒತ್ತಿದಂತೆಯೇ ಉಳಿಯತೊಡಗಿತು. ಕೈ ಬಿಟ್ಟರೂ ಮುಚ್ಚುತ್ತಿರಲಿಲ್ಲ. ಔಷಧ ಮುಂಗೈಯಿಂದ ಮೊಣಕೈವರೆಗೆ ಇಳಿದು ಅಂಗಿ ತೋಯಿತು. "ಇನ್ನೊಂದ ಟಾಕಿ ಐತಿ, ಮುಗಿಸಿಬಿಡೋಣು" ಅಂತ ಮುಂದುವರಿಸಿದೆ. ಬೆವರು ಕಿತ್ತು ಬಂತು, ಕಣ್ಣು ಮಬ್ಬಾಯಿತು, ಒಡ್ಡಿನ ಮೇಲೆ ಕುಸಿದೆ. ಬುತ್ತಿ ತಂದಿದ್ದ ನನ್ನ ಹೆಂಡತಿ ಮೊದಲು ಅಂಗಿ ಬಿಚ್ಚಿಸಿ, ಸಾಬೂನು ಹಚ್ಚಿ ನೀರು ಸುರುವಿದಳು. ಆಮೇಲೆ ಔಷಧದ ಬಾಟಲಿ ಸಮೇತ ಹುಬ್ಬಳ್ಳಿ ಆಸ್ಪತ್ರೆಗೆ. ಬಾಟಲಿ ಒಯ್ದದ್ದರಿಂದ ಯಾವ ವಿಷ ಎಂದು ಡಾಕ್ಟರಿಗೆ ತಕ್ಷಣ ತಿಳಿಯಿತು. ಮೂರು ದಿನಕ್ಕೆ ಮನೆಗೆ ಬಂದೆ.

ಡಬ್ಬಿಯೊಳಗೆ ಏನಿದೆ?

ಹುಬ್ಬಳ್ಳಿ ವಾಲ್ವ್‌ಗಳ ಊರು. ಬಿಡಿಕೆ, ಮೈಕ್ರೋಫಿನಿಶ್ ಎಂಬ ಹೆಸರುಗಳು ಬೆಳೆದದ್ದು ಇಲ್ಲಿಯೇ. ತೈಲ ಶುದ್ಧೀಕರಣ ಘಟಕಗಳಿಗೆ, ವಿದ್ಯುತ್ ಸ್ಥಾವರಗಳಿಗೆ ಇಲ್ಲಿಂದ ವಾಲ್ವ್ ಹೋಗುತ್ತವೆ. ನನ್ನ ತಂಗಿಯ ಮಗ ಗೋಕುಲ ರಸ್ತೆಯ ಅಂಥದೇ ಒಂದು ಕಾರ್ಖಾನೆಯಲ್ಲಿದ್ದಾನೆ. ನನ್ನನ್ನು ನೋಡಲು ಬಂದವನು ಗೋಡೆಗೂಡಿನಲ್ಲಿದ್ದ ಸೊಳ್ಳೆ ಹೊಡೆಯುವ ಸ್ಪ್ರೇ ಡಬ್ಬಿ ತೋರಿಸಿ ಕೇಳಿದ: "ಮಾಮಾ, ಇದರ ಗುಂಡಿ ಬಿಟ್ಟ ಕೂಡ್ಲೆ ಬಂದ್ ಆಗತೈತಿ. ವರ್ಷಗಟ್ಟಲೆ ಇಟ್ರೂ ಸೋರಂಗಿಲ್ಲ. ನಿಮ್ಮ ಪಂಪ್ ಯಾಕ ಸೋರತೈತಿ?"

ನನ್ನ ಬಳಿ ಉತ್ತರ ಇರಲಿಲ್ಲ. ಅವನೇ ಕಾಗದದ ಮೇಲೆ ಬರೆದು ತೋರಿಸಿದ.

ಡಬ್ಬಿಯ ತಲೆಗೆ ತಗಡಿನ ಬಟ್ಟಲು ಬಿಗಿದಿರುತ್ತದೆ. ಅದರ ನಡುವೆ ಒಂದು ಸಣ್ಣ ಕೊಳವೆ. ಅದರ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತು. ಆ ತೂತಿಗೆ ಸುತ್ತ ಅಪ್ಪಿ ಕುಳಿತಿದೆ ಒಂದು ರಬ್ಬರ್ ವೈಸರ್. ಗುಂಡಿ ಒತ್ತಿದರೆ ಕೊಳವೆ ಕೆಳಗಿಳಿದು ತೂತು ವೈಸರ್‌ನಿಂದ ಬಿಡಿಸಿಕೊಳ್ಳುತ್ತದೆ. ಒಳಗಿನ ಗ್ಯಾಸಿನ ಒತ್ತಡಕ್ಕೆ ಔಷಧ ತಳದವರೆಗೆ ಇಳಿದ ನಳಿಕೆಯಿಂದ ಮೇಲೇರಿ ಹೊರಗೆ ಚಿಮ್ಮುತ್ತದೆ. ಕೈ ಬಿಟ್ಟರೆ ಕೆಳಗಿನ ಸ್ಪ್ರಿಂಗ್ ಕೊಳವೆಯನ್ನು ಮೇಲಕ್ಕೆ ನೂಕುತ್ತದೆ, ತೂತು ಮತ್ತೆ ವೈಸರ್ ಒಳಗೆ. ಇಷ್ಟೇ. ತೆರೆಯುವುದು ಮನುಷ್ಯನ ಕೆಲಸ, ಮುಚ್ಚುವುದು ಸ್ಪ್ರಿಂಗಿನ ಕೆಲಸ.

ಈ ಸರಳತನ ಒಂದೇ ದಿನಕ್ಕೆ ಬಂದದ್ದಲ್ಲ. ನಾರ್ವೆಯ ಎರಿಕ್ ರೋಥೆಯಿಮ್ 1920ರ ದಶಕದಲ್ಲೇ ಇಂಥ ಡಬ್ಬಿ ಮಾಡಿದ್ದ. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಕೃಷಿ ಇಲಾಖೆಯ ಗುಡ್‌ಹ್ಯೂ ಮತ್ತು ಸಲಿವನ್, ಸೈನಿಕರನ್ನು ಮಲೇರಿಯಾದಿಂದ ಉಳಿಸಲು ಕೀಟನಾಶಕದ ಡಬ್ಬಿ ಮಾಡಿದರು. ಅಂದರೆ ಇದೂ ಮೊದಲು ಹೆಸರು ಮಾಡಿದ್ದು ಹುಳ ಹೊಡೆಯಲಿಕ್ಕೇ! ಆದರೆ ಆಗಿನ ಡಬ್ಬಿ ಭಾರ, ವಾಲ್ವ್ ದುಬಾರಿ. ಯಂತ್ರದಂಗಡಿ ನಡೆಸುತ್ತಿದ್ದ ರಾಬರ್ಟ್ ಅಬ್‌ಪ್ಲಾನಾಲ್ಪ್ ಅಗ್ಗದ, ಸೋರದ ವಾಲ್ವ್ ರೂಪಿಸಿ 1953ರಲ್ಲಿ ಪೇಟೆಂಟ್ ಪಡೆದ. ಡಬ್ಬಿ ಮನೆಮನೆಗೆ ಬಂದದ್ದು ಆಮೇಲೆ.

ತಪ್ಪಿದ್ದು ಎಲ್ಲಿ?

"ಡಬ್ಬಿಯೊಳಗ ಏನ್ ತುಂಬತಾರ ಅನ್ನೋದನ್ನ ನೋಡಿ ರಬ್ಬರ್ ಆರಿಸ್ತಾರ ಮಾಮಾ. ನೀವು ಟ್ಯೂಬ್ ಹಾಕೀರಿ" ಅಂದ ಅಳಿಯ. ಗುಟ್ಟು ಅಲ್ಲೇ ಇತ್ತು. ಲೇಬಲ್ ಮೇಲೆ 'ಇ.ಸಿ.' ಎಂದಿರುವ ಔಷಧಗಳಲ್ಲಿ ವಿಷವನ್ನು ಕರಗಿಸಲು ಸೀಮೆಎಣ್ಣೆ ಜಾತಿಯ ದ್ರಾವಕ ಇರುತ್ತದೆ. ಟ್ಯೂಬಿನ ರಬ್ಬರ್ ಅದನ್ನು ಕುಡಿದು ಉಬ್ಬುತ್ತದೆ. ಉಬ್ಬಿದ ವೈಸರ್ ಕಡ್ಡಿಯನ್ನು ಹಿಡಿದುಕೊಂಡಿತು, ಸ್ಪ್ರಿಂಗಿಗೆ ನೂಕಲು ಆಗಲಿಲ್ಲ. ನೀರಲ್ಲಿ ಪಾಸಾದ ವೈಸರ್ ಔಷಧದಲ್ಲಿ ಫೇಲಾದದ್ದು ಹೀಗೆ. ಎಣ್ಣೆಗೆ ಉಬ್ಬದ ನೈಟ್ರೈಲ್‌ನಂಥ ರಬ್ಬರ್ ಬೇರೆಯೇ ಇದೆ. ಕಂಪನಿಯ ವೈಸರ್ ಸೆಟ್ ಕೇಳಿ ತರುವುದು ಅದಕ್ಕಾಗಿ.

ಹನಿ ಹನಿ ಎಂದು ಅಸಡ್ಡೆ ಬೇಡ. ಸೆಕೆಂಡಿಗೆ ಒಂದು ಹನಿ ಎಂದರೆ ತಾಸಿಗೆ 3,600 ಹನಿ. 20 ಹನಿಗೆ 1 ಮಿಲಿಲೀಟರ್ ಹಿಡಿದರೂ ತಾಸಿಗೆ 180 ಮಿ.ಲೀ. ನಾಲ್ಕು ತಾಸು ಹೊಡೆದರೆ ಮುಕ್ಕಾಲು ಲೀಟರಿನ ಹತ್ತಿರ, ಎಲ್ಲ ನಮ್ಮ ಕೈ ಮೇಲೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆಯುವಾಗ ವಿಷ ತಗುಲಿ 20ಕ್ಕೂ ಹೆಚ್ಚು ಜನ ಸತ್ತರು. ವಿಷ ಬಾಯಿಂದಲೇ ಹೋಗಬೇಕೆಂದಿಲ್ಲ. ಉಸಿರಿನಿಂದ, ಚರ್ಮದಿಂದ ಕೂಡ ಒಳಗಿಳಿಯುತ್ತದೆ.

ಹೊಲಕ್ಕೆ ಹೋಗುವ ಮುಂಚೆ

ಈಗ ನಾನು ಬರೇ ನೀರು ತುಂಬಿ ಪರೀಕ್ಷೆ ಮಾಡದೆ ಔಷಧ ಬೆರೆಸುವುದಿಲ್ಲ. ಐದೇ ನಿಮಿಷದ ಕೆಲಸ:

1. ಚೆನ್ನಾಗಿ ಪಂಪು ಹೊಡೆದು, ಟ್ರಿಗರ್ ಒತ್ತಿ ಬಿಡಿ. ಧಾರೆ ಕೂಡಲೇ ನಿಲ್ಲಬೇಕು. ಹನಿ ನಿಲ್ಲದಿದ್ದರೆ ಟ್ರಿಗರಿನ ವೈಸರ್ ಅಥವಾ ಸ್ಪ್ರಿಂಗ್ ಹೋಗಿದೆ.

2. ಪಂಪು ಹೊಡೆಯುವುದು ನಿಲ್ಲಿಸಿದಾಗ ಹಿಡಿಕೆ ತಾನೇ ಸರಿದರೆ, ಒತ್ತಡದ ಕೋಣೆಯ ವಾಲ್ವ್ ಸೋರಿ ನೀರು ಹಿಂದಕ್ಕೆ ಬರುತ್ತಿದೆ. ಎಷ್ಟು ಹೊಡೆದರೂ ಒತ್ತಡ ಏರದಿದ್ದರೆ ಕೆಳಗಿನ, ನೀರೆಳೆಯುವ ವಾಲ್ವ್ ನೋಡಿ. ಬಹಳ ಸಲ ಅಲ್ಲಿ ಕಸ ಸಿಕ್ಕಿರುತ್ತದೆ.

3. ಬ್ಯಾಟರಿ ಪಂಪಿನಲ್ಲಿ ಟ್ರಿಗರ್ ಬಿಟ್ಟರೆ ಮೋಟಾರು ನಿಲ್ಲುತ್ತದೆ. ಬಿಟ್ಟ ಮೇಲೂ ಆಗಾಗ ತಾನೇ ಗುರ್ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

4. ಬಿಚ್ಚುವ ಮೊದಲು ಒತ್ತಡ ತೆಗೆಯಿರಿ, ಕೈಚೀಲ ಹಾಕಿ. ನಾಜಲ್ ಕಟ್ಟಿದರೆ ಬಾಯಿಂದ ಊದಲೇಬೇಡಿ, ಮೆತ್ತನೆ ಬ್ರಶ್ ಸಾಕು.

5. ಕೆಲಸ ಮುಗಿದ ಮೇಲೆ ಮೂರು ಸಲ ನೀರು ಹಾಕಿ, ಟ್ರಿಗರ್ ಮೂಲಕವೂ ಹರಿಸಿ. ಔಷಧ ಒಳಗೇ ಒಣಗಿದರೆ ವೈಸರ್ ಬೇಗ ಕೆಡುತ್ತದೆ.

ಸ್ಪ್ರೇ ಡಬ್ಬಿಯ ಜಾಣತನಕ್ಕೆ ಹತ್ತಿರದ್ದು ಪಂಪಿಗೂ ಬಂದಿದೆ. ನಾಜಲ್ ಹಿಂದೆ ಕೂರಿಸುವ, ಒತ್ತಡ ಕಾಯುವ ವಾಲ್ವ್ ಅದು. ಒತ್ತಡ ಒಂದು ಮಿತಿಗೆ (ಸಾಮಾನ್ಯವಾಗಿ 1 ಅಥವಾ 1.5 ಬಾರ್) ಏರಿದರೆ ಮಾತ್ರ ತೆರೆಯುತ್ತದೆ, ಇಳಿದರೆ ಮುಚ್ಚುತ್ತದೆ. ಜೋರಾಗಿ ಹೊಡೆದರೂ ಮೆಲ್ಲಗೆ ಹೊಡೆದರೂ ಔಷಧ ಒಂದೇ ಸಮ ಬೀಳುತ್ತದೆ, ನಾಜಲ್ ಹನಿಸುವುದಿಲ್ಲ. ಆದರೆ ಟ್ರಿಗರಿನ ಸೋರಿಕೆಯನ್ನು ಅದು ತಡೆಯದು.

ಸ್ಪ್ರೇ ಡಬ್ಬಿಯ ಬಗ್ಗೆಯೂ ಒಂದು ಮಾತು. ಮೊದಲು ಅದರಲ್ಲಿ ಸಿ.ಎಫ್.ಸಿ. ಎಂಬ ಗ್ಯಾಸ್ ಇರುತ್ತಿತ್ತು. ಓಝೋನ್ ಪದರಕ್ಕೆ ಅಪಾಯ ಎಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದು ಹೋಯಿತು. ಈಗ ಹೆಚ್ಚಿನ ಡಬ್ಬಿಗಳಲ್ಲಿರುವುದು ನಮ್ಮ ಅಡುಗೆ ಗ್ಯಾಸಿನ ಜಾತಿಯದೇ. ಒಲೆಯ ಹತ್ತಿರ ಹೊಡೆಯಬೇಡಿ. ಖಾಲಿ ಡಬ್ಬಿಯನ್ನು ಕಸದ ಬೆಂಕಿಗೆ ಎಸೆಯಬೇಡಿ, ಸಿಡಿಯುತ್ತದೆ. ಮಕ್ಕಳಿಗೆ ಆಡಲು, ತೂತು ಮಾಡಲು ಕೊಡಬೇಡಿ.

ನನ್ನ ಹಳೆಯ ಟ್ಯೂಬ್ ವೈಸರ್ ಇನ್ನೂ ಮನೆಯಲ್ಲಿದೆ. ಉಬ್ಬಿ ಸೊಟ್ಟಗಾಗಿದೆ. ಪಂಪು ಕೇಳಿಕೊಂಡು ಬರುವ ಹುಡುಗರಿಗೆ ಮೊದಲು ಅದನ್ನು ತೋರಿಸುತ್ತೇನೆ, ಆಮೇಲೆ ಪಂಪು ಕೊಡುತ್ತೇನೆ. ಸೋರುವ ಪಂಪಿಗೆ ನೀವು ಕಂಡುಕೊಂಡ ಉಪಾಯ ಇದ್ದರೆ ಪತ್ರಿಕೆಗೆ ಬರೆಯಿರಿ. ಆದರೆ ನೀರಲ್ಲಿ ಅಲ್ಲ, ಔಷಧದಲ್ಲೂ ಅದು ತಾಳಿದೆಯೇ ಎಂದು ನೋಡಿ ಬರೆಯಿರಿ.