ವಿಜಯನಗರದ ಊಟವೂ ನಮ್ಮ ಅಡಿಗೆಮನೆಯೂ

ಗತಿಸಿದ ರಾಜಧಾನಿಯೊಂದನ್ನು ಅರಿಯಲಿಚ್ಛಿಸುವವರು ಅದರ ಅರಮನೆ, ಗುಡಿಗೋಪುರಗಳನ್ನು ನೋಡಿದರೆ ಸಾಲದು. ಅಲ್ಲಿಯ ಜನರು ಏನನ್ನು ಉಣ್ಣುತ್ತಿದ್ದರೆಂಬುದನ್ನೂ ವಿಚಾರಿಸಬೇಕು. ೧೫೬೫ರಲ್ಲಿ ಹಾಳಾದ ವಿಜಯನಗರದ ವಿಷಯದಲ್ಲಿ ಈ ವಿಚಾರವು ನಮಗೆ ಸುಲಭವಾದುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ೨೦೨೧ರಿಂದ ಆ ನಗರದ ಹೆಸರಿನ ಜಿಲ್ಲೆಗೇ ಸೇರಿರುವುವು. ಆ ನಗರದ ಧಾನ್ಯಗಳು ಇಂದಿಗೂ ನಮ್ಮ ಹೊಲಗಳಲ್ಲಿ ಬೆಳೆಯುತ್ತಿರುವುವು.

ಹಂಪೆಯಲ್ಲಿ ಭೋಜನಶಾಲೆಯೆಂದು ಕರೆಯಲ್ಪಡುವ ಸ್ಥಳವೊಂದುಂಟು. ನೀರಿನ ಕಾಲುವೆಯ ಎರಡು ಪಕ್ಕಗಳಲ್ಲಿಯೂ ಕಲ್ಲಿನಲ್ಲಿಯೇ ತಟ್ಟೆಬಟ್ಟಲುಗಳ ಆಕಾರಗಳನ್ನು ಕೊರೆದಿರುವರು. ೧೪೪೩ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನಿಗೆ ದಿನವೊಂದಕ್ಕೆ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ ಸಲ್ಲುತ್ತಿದ್ದುವು. ಇದು ರಾಜಾತಿಥಿಯ ಊಟವಾಯಿತು. ಸಾಮಾನ್ಯ ಜನರ ಊಟವನ್ನು ೧೫೨೦ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸನು ತಿಳಿಸಿರುವನು. ಅಕ್ಕಿ, ಜೋಳ, ಹೆಸರು, ಹುರುಳಿ ಮೊದಲಾದುವು ಅಲ್ಲಿ ಹೇರಳವಾಗಿಯೂ ಅಗ್ಗವಾಗಿಯೂ ದೊರೆಯುತ್ತಿದ್ದುವಂತೆ. ನಿಂಬೆ, ಕಿತ್ತಳೆ, ಬದನೆಗಳೂ ಪೇಟೆಗೆ ಬರುತ್ತಿದ್ದುವು.

ಆ ಕಾಲದ ಊಟವನ್ನು ಇಂದು ಮಾಡಿ ನೋಡಬೇಕಾದರೆ, ಏನನ್ನು ಹಾಕಬಾರದೆಂಬುದನ್ನು ಮೊದಲು ತಿಳಿಯಬೇಕು. ಮೆಣಸಿನಕಾಯಿ, ಆಲೂಗಡ್ಡೆ, ಟೊಮ್ಯಾಟೋ, ಶೇಂಗಾ ಇವೆಲ್ಲವೂ ಅಮೆರಿಕ ಖಂಡದಿಂದ ಬಂದುವು. ೧೪೯೨ರಲ್ಲಿ ಕೊಲಂಬಸನು ಆ ಖಂಡಕ್ಕೆ ಹೋಗುವುದಕ್ಕೆ ಮುಂಚೆ ಇವು ನಮ್ಮ ದೇಶದಲ್ಲಿ ಇರಲಿಲ್ಲ. ರಜಾಕನು ಕಂಡ ನಗರದಲ್ಲಿ ಖಾರವೆಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ಆ ಹಳೆಯ ಮೆಣಸಿನ ಹೆಸರನ್ನೇ ನಾವು ಹೊಸ ಕಾಯಿಗೆ ಇಟ್ಟು ಮೆಣಸಿನಕಾಯಿ ಎಂದೆವು. ಭಾಷೆಯೂ ಒಂದು ಚರಿತ್ರೆಯ ಪುಸ್ತಕವೇ ಸರಿ.

ಹೊಸ ಪದಾರ್ಥಗಳನ್ನು ತೆಗೆದಮೇಲೆ ಉಳಿಯುವುದೇನು? ಜೋಳದ ರೊಟ್ಟಿ ಅಥವಾ ಅಂಬಲಿ, ಎಳ್ಳೆಣ್ಣೆಯಲ್ಲಿ ಬಾಡಿಸಿ ಮೆಣಸಿನ ಪುಡಿ ಉದುರಿಸಿದ ಬದನೆಕಾಯಿ, ಹುಣಿಸೆಹುಳಿ ಹಿಂಡಿದ ಹುರುಳಿಕಟ್ಟಿನ ಸಾರು, ಮಜ್ಜಿಗೆ, ಒಂದು ಚೂರು ಬೆಲ್ಲ. ಪಾಯೆಸನ ಪೇಟೆಯ ಧಾನ್ಯಗಳಿಂದ ಇಷ್ಟು ಅಡಿಗೆಯನ್ನು ಯಾವ ಮನೆಯಲ್ಲಾದರೂ ಮಾಡಬಹುದು. ಯಾವ ಶಾಲೆಯಾದರೂ ಹಂಪೆಯ ಪ್ರವಾಸದ ದಿನ ಬುತ್ತಿಯಾಗಿ ಒಯ್ಯಬಹುದು. ಹೋಟೆಲುಗಳಲ್ಲಿ ಅರಸರ ಊಟವೆಂದು ಬಡಿಸುವ ಕೆಂಪು ಸಾರಿಗಿಂತ ಇದು ಸತ್ಯಕ್ಕೆ ಹತ್ತಿರವಾದುದು.

ಇಷ್ಟನ್ನು ಹೇಳುವುದಕ್ಕೆ ಕಾರಣವುಂಟು. ಪಟ್ಟಣದ ಕಾಲೇಜು ಸೇರಿದ ನಮ್ಮ ಕಡೆಯ ಹುಡುಗಿಯರಲ್ಲಿ ಕೆಲವರು ಬುತ್ತಿಯ ಜೋಳದ ರೊಟ್ಟಿಯನ್ನು ನಾಲ್ವರ ಮುಂದೆ ಬಿಚ್ಚಲು ನಾಚುವರು. ಮಹಾರಾಜಧಾನಿಯ ಜನರನ್ನು ಸಾಕಿದ ಧಾನ್ಯಕ್ಕಾಗಿ ನಾಚಬೇಕಾದುದೇನು? ಕಲ್ಲಿನ ತಟ್ಟೆಗಳನ್ನು ಸರ್ಕಾರವು ಕಾಯುತ್ತಿದೆ; ತಟ್ಟೆಗೆ ಬಡಿಸುತ್ತಿದ್ದ ಅಡಿಗೆಯನ್ನು ಕಾಯಬೇಕಾದವರು ಮನೆಯವರೇ. ಹಳೆಯ ವಿದ್ಯಾರ್ಥಿನಿಯರೇ, ತಾಯಿತಂದೆಗಳೇ, ನಿಮ್ಮ ಮನೆಯ ಅಜ್ಜಿಯು ಮಾಡುವ ಹುರುಳಿ, ನವಣೆ, ಜೋಳದ ಅಡಿಗೆಗಳ ಕ್ರಮವನ್ನು ಆಕೆಯ ಬಾಯಿಂದಲೇ ಕೇಳಿ, ಈ ವರ್ಷವೇ ಒಂದು ಪುಸ್ತಕದಲ್ಲಿ ಬರೆದಿಡಿರಿ. ಮಕ್ಕಳಿಂದಲೇ ಬರೆಯಿಸಿದರೆ ಇನ್ನೂ ಲೇಸು.