ಮನೆಗೆ ಮುನ್ನ ಲೆಕ್ಕ

ಗೋಪುರ ಕಟ್ಟಬಯಸುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂಬುದು ಯೇಸುಸ್ವಾಮಿಯ ಬೋಧನೆ (ಲೂಕ 14:28). ಮೊದಲ ಮನೆ ಕೊಳ್ಳಹೊರಟ ನಮ್ಮ ಕುಟುಂಬಗಳಿಗೂ ಇದು ಅನ್ವಯಿಸುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷ ರೂ.ವರೆಗಿನ ಗೃಹಸಾಲವು ಮನೆಯ ಮೌಲ್ಯದ ಶೇ. 90ನ್ನು ಮೀರುವಂತಿಲ್ಲ. ಅಂದರೆ 25 ಲಕ್ಷದ ಮನೆಗೆ ಕನಿಷ್ಠ ಎರಡೂವರೆ ಲಕ್ಷ ನಮ್ಮ ಕೈಯಿಂದಲೇ ಬರಬೇಕು; ಮುದ್ರಾಂಕ ಶುಲ್ಕ, ನೋಂದಣಿ ವೆಚ್ಚ ಬೇರೆ. ತಿಂಗಳಿಗೆ 7,000 ರೂ. ಉಳಿಸಿದರೆ ಮೂರು ವರ್ಷಗಳಲ್ಲಿ ಬಡ್ಡಿಯ ಹೊರತಾಗಿಯೇ 2.52 ಲಕ್ಷವಾಗುತ್ತದೆ. ಆದರೆ ಕರಾವಳಿಯ ನಾವು ಈ ಉಳಿತಾಯವನ್ನು ರೋಸ್, ಮದುವೆಯೂಟಗಳ ಆಡಂಬರಕ್ಕೆ ಸುರಿದು, ಮುಂಗಡಕ್ಕೂ ಕೈಸಾಲ ಮಾಡಿದರೆ, ಎರಡು ಸಾಲಗಳ ಭಾರ ಒಂದೇ ಸಂಬಳದ ಮೇಲೆ ಬೀಳುತ್ತದೆ. ಔತಣ ಕಿರಿದಾದರೆ ಕೊರತೆಯೇನಿಲ್ಲ. ಹೊಸ ಸೂರಿನಡಿ ಜಪಸರಕ್ಕೆ ಕುಳಿತ ದಂಪತಿಯನ್ನು ಕಂತಿನ ಭಯ ಕಾಡದಿರಲಿ.